ಬೂಟ್ ಸಿಡಿಗೆ ಹಾರ್ಡ್ ಡಿಸ್ಕ್ ಪರೀಕ್ಷಕ: ಶುರುವಾಗುವುದು ಬೇರೆ, ಡಿಸ್ಕ್ ಕಾಣುವುದು ಬೇರೆ

ಪ್ರಶ್ನೆ: ನನ್ನ ಹತ್ತಿರ ಐಸೊಲಿನಕ್ಸ್ (ಸಿಡಿಯಿಂದ ಯಂತ್ರವನ್ನು ಎಬ್ಬಿಸುವ ಬೂಟ್ ಪ್ರೋಗ್ರಾಂ) ಮೆನು ಇರುವ ಬೂಟ್ ಸಿಡಿ ಇದೆ. ಮೆಮೊರಿ ಪರೀಕ್ಷೆ, ಪಾರ್ಟಿಷನ್ ಸಾಧನ, ಒಂದು ಪುಟ್ಟ ಲಿನಕ್ಸ್, ಮೂರೂ ಚೆನ್ನಾಗಿ ಓಡುತ್ತವೆ. ಅದಕ್ಕೆ ಹಾರ್ಡ್ ಡಿಸ್ಕ್ ಪರೀಕ್ಷಿಸುವ ಡಾಸ್ (ವಿಂಡೋಸಿಗೂ ಹಿಂದಿನ ಆಪರೇಟಿಂಗ್ ಸಿಸ್ಟಮ್) ಪ್ರೋಗ್ರಾಂ ಸೇರಿಸಬೇಕೆಂದು ಅದರ ಇಎಕ್ಸ್‌ಇ ಫೈಲನ್ನು ಸಿಡಿಯ ಫೋಲ್ಡರಿಗೆ ಹಾಕಿ, ಮೆನು ಫೈಲಿನ 'ಕರ್ನೆಲ್' ಸಾಲಿನಲ್ಲಿ ಅದರ ಹೆಸರು ಬರೆದೆ. ಆಯ್ಕೆ ಮಾಡಿದರೆ 'ಇನ್‌ವ್ಯಾಲಿಡ್ ಆರ್ ಕರಪ್ಟ್ ಕರ್ನೆಲ್ ಇಮೇಜ್' ಎಂದು ಬರುತ್ತದೆ. ಆಮೇಲೆ ಅದೇ ಸಾಧನದ ಫ್ಲಾಪಿ ಇಮೇಜ್, ಅಂದರೆ ಇಡೀ ಫ್ಲಾಪಿಯ ನಕಲಿರುವ ಒಂದೇ ಫೈಲ್, ಸಿಕ್ಕಿತು. ಅದನ್ನು ಹಾಕಿದಾಗ ಪ್ರೋಗ್ರಾಂ ಶುರುವಾಯಿತು, ಆದರೆ ಯಾವ ಡಿಸ್ಕೂ ಇಲ್ಲ ಎಂದಿತು. ಡಿಸ್ಕ್ ಇದ್ದೇ ಇದೆ, ವಿಂಡೋಸ್ ಅದರಿಂದಲೇ ಏಳುತ್ತದೆ. ಇತ್ತೀಚೆಗೆ ತುಂಬ ನಿಧಾನವಾಗಿದೆ, ಆಗಾಗ ಟಕ್ ಟಕ್ ಸದ್ದೂ ಬರುತ್ತಿದೆ. ನನ್ನ ತಪ್ಪು ಎಲ್ಲಿ?

ಉತ್ತರ: ಇಲ್ಲಿರುವುದು ಎರಡು ತೊಂದರೆ. ಒಂದರ ಬೆನ್ನಿಗೆ ಇನ್ನೊಂದು ಬಂದದ್ದರಿಂದ ಒಂದೇ ಗಂಟಿನಂತೆ ಕಾಣುತ್ತಿವೆ, ಅಷ್ಟೆ. ಮೊದಲನೆಯದು ಮೆನುವಿಗೆ ಸೇರಿದ್ದು, ಅದನ್ನು ಅರ್ಧ ಗಂಟೆಯಲ್ಲಿ ಬಿಡಿಸಬಹುದು. ಎರಡನೆಯದಕ್ಕೂ ಮೆನುವಿಗೂ ಸಂಬಂಧವೇ ಇಲ್ಲ. ಮೆನು ಫೈಲನ್ನು ನೀವು ಇನ್ನು ನೂರು ಸಲ ತಿದ್ದಿದರೂ ಆ ಪ್ರೋಗ್ರಾಂಗೆ ಡಿಸ್ಕ್ ಕಾಣುವುದಿಲ್ಲ.

ಅದಕ್ಕೂ ಮೊದಲು ಒಂದು ಮಾತು. ಸದ್ದು ಮಾಡುತ್ತಿರುವ ಡಿಸ್ಕಿನಲ್ಲಿ ನಿಮಗೆ ಬೇಕಾದ ಫೈಲುಗಳಿದ್ದರೆ, ಪರೀಕ್ಷೆಯನ್ನು ಪಕ್ಕಕ್ಕಿಟ್ಟು ಮೊದಲು ಅವನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಪೂರ್ಣ ಪರೀಕ್ಷೆ ಎಂದರೆ ಡಿಸ್ಕಿನ ಮೇಲ್ಮೈಯನ್ನು ಆದಿಯಿಂದ ಅಂತ್ಯದವರೆಗೆ ಓದಿಸುವ ಕೆಲಸ. ಏದುಸಿರು ಬಿಡುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓಡಿಸಿ 'ಹೌದು, ಇದು ಕೆಟ್ಟಿದೆ' ಎಂದು ತಿಳಿದುಕೊಳ್ಳುವಷ್ಟರಲ್ಲಿ ನಕಲು ಮಾಡುವ ಅವಕಾಶವೇ ಕಳೆದುಹೋಗಿರಬಹುದು. ನಿಮ್ಮ ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಇದೆಯೇ ನೋಡಿ. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಹಠ ಹಿಡಿಯುವ ಸೆಕ್ಟರುಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದು.

ಈಗ ಮೆನುವಿನ ವಿಷಯ. ಸಿಡಿಯಿಂದ ಯಂತ್ರ ಏಳುವಾಗ ಏನಾಗುತ್ತದೆ ಎಂಬುದು ತಿಳಿದರೆ ಇಎಕ್ಸ್‌ಇ ಯಾಕೆ ಓಡಲಿಲ್ಲ ಎಂಬುದು ತಾನಾಗಿ ಅರ್ಥವಾಗುತ್ತದೆ. ಬೂಟ್ ಸಿಡಿಗಳ ಕಟ್ಟಳೆಗೆ ಎಲ್ ಟೊರಿಟೊ ಎಂದು ಹೆಸರು. ಫೀನಿಕ್ಸ್ ಮತ್ತು ಐಬಿಎಂ ಸೇರಿ 1995ರಲ್ಲಿ ಹೊರತಂದದ್ದು. ಅದರ ಪ್ರಕಾರ ಬಯೋಸ್ (ಯಂತ್ರ ಹಚ್ಚಿದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಸಿಡಿಯ 17ನೇ ಸೆಕ್ಟರನ್ನು ಓದುತ್ತದೆ, ಅಲ್ಲಿರುವ ಸೂಚನೆಯ ಜಾಡು ಹಿಡಿದು ಬೂಟ್ ಕ್ಯಾಟಲಾಗ್ ಹುಡುಕುತ್ತದೆ, ಅದು ಹೇಳಿದ ಜಾಗದಿಂದ ಒಂದು ಚೂರು ಕೋಡನ್ನು ಮೆಮೊರಿಗೆ ತಂದು ಅದರ ಕೈಗೆ ಯಂತ್ರವನ್ನು ಒಪ್ಪಿಸಿಬಿಡುತ್ತದೆ. ಆ ಹೊತ್ತಿಗೆ ಡಾಸ್ ಇಲ್ಲ, ವಿಂಡೋಸ್ ಇಲ್ಲ, ಲಿನಕ್ಸೂ ಇಲ್ಲ. ಇರುವುದು ಬಯೋಸ್ ಮತ್ತು ಐಸೊಲಿನಕ್ಸ್ ಎರಡೇ.

ಡಾಸ್ ಪ್ರೋಗ್ರಾಂ ಒಂದು ಫೈಲ್ ತೆರೆಯಲಿಕ್ಕೂ ಡಾಸನ್ನೇ ಕೇಳುತ್ತದೆ. ಇಂಟ್ 21ಎಚ್ ಎಂಬ ಬಾಗಿಲು ತಟ್ಟಿ 'ಇದನ್ನು ಮಾಡಿಕೊಡು' ಎನ್ನುತ್ತದೆ. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದರೆ ಯಾರು ಓಗೊಡಬೇಕು? ನಿಮ್ಮ ವಿಷಯದಲ್ಲಿ ಅಲ್ಲಿಯವರೆಗೂ ಹೋಗಲಿಲ್ಲ. 'ಕರ್ನೆಲ್' ಸಾಲಿನಲ್ಲಿ ಕೊಟ್ಟದ್ದನ್ನು ಐಸೊಲಿನಕ್ಸ್ ಲಿನಕ್ಸ್ ಕರ್ನೆಲ್ (ಲಿನಕ್ಸಿನ ತಿರುಳಾದ ಫೈಲ್) ಎಂದೇ ಭಾವಿಸಿ ತಲೆಭಾಗವನ್ನು ನೋಡಿತು, ಅಲ್ಲಿ ಇರಬೇಕಾದ ಗುರುತು ಇರಲಿಲ್ಲ, ಕೆಟ್ಟುಹೋಗಿದೆ ಎಂದಿತು. ನಿಮ್ಮ ಫೈಲ್ ಕೆಟ್ಟಿಲ್ಲ, ಅದು ಕರ್ನೆಲ್ ಅಲ್ಲ, ಅಷ್ಟೆ. ಬೂಟ್ ಮೆನು ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ. ಪ್ರೋಗ್ರಾಂಗಳನ್ನು ಓಡಿಸಬಲ್ಲ ಯಾವುದನ್ನಾದರೂ ಎಬ್ಬಿಸಿ, ತಾನು ಪಕ್ಕಕ್ಕೆ ಸರಿಯುತ್ತದೆ.

ಐಸೊಲಿನಕ್ಸ್ ಫೈಲಿನ ಬಾಲವನ್ನು, ಅಂದರೆ ಎಕ್ಸ್‌ಟೆನ್ಷನ್ನನ್ನು ನೋಡಿಯೂ ಅದು ಎಂಥದ್ದೆಂದು ತೀರ್ಮಾನಿಸುತ್ತದೆ. ಹಿಂದೊಮ್ಮೆ ಮೆಮೊರಿ ಪರೀಕ್ಷಕವೊಂದನ್ನು ಮೂಲ ಹೆಸರಿನಲ್ಲೇ, 'ಬಿನ್' ಎಂಬ ಬಾಲದ ಸಮೇತ ಮೆನುವಿಗೆ ಸೇರಿಸಿದ್ದೆ. ಆರಿಸಿದ ಕೂಡಲೇ ಯಂತ್ರ ಕಲ್ಲಾಗುತ್ತಿತ್ತು. ಸಿಡಿ ಸರಿಯಿಲ್ಲವೇನೋ ಎಂದು ಮೂರು ಸಿಡಿ ಸುಟ್ಟೆ, ಡ್ರೈವ್ ಬದಲಿಸಿದೆ, ಅರ್ಧ ದಿನ ಹೋಯಿತು. ಕೊನೆಗೆ ತಿಳಿದದ್ದು ಇಷ್ಟು: ಐಸೊಲಿನಕ್ಸಿನ ನಿಘಂಟಿನಲ್ಲಿ 'ಬಿನ್' ಎಂದರೆ ಸಿಡಿ ಬೂಟ್ ಸೆಕ್ಟರ್. ಬಾಲ ಕತ್ತರಿಸಿದೆ, ಓಡಿತು. ನಿಮ್ಮ ಮೆನುವಿನ ಮೆಮೊರಿ ಪರೀಕ್ಷಕದ ಫೈಲಿಗೆ ಬಾಲವೇ ಇಲ್ಲದಿರುವುದನ್ನು ನೀವು ಗಮನಿಸಿರಬಹುದು. ಕಾರಣ ಇದೇ.

ಹಾಗಾದರೆ ಡಾಸ್ ಸಾಧನವನ್ನು ಎಬ್ಬಿಸುವವರು ಯಾರು? ಐಸೊಲಿನಕ್ಸ್ ಬರುವ ಸಿಸ್‌ಲಿನಕ್ಸ್ ಕಟ್ಟಿನಲ್ಲೇ ಇರುವ ಮೆಮ್‌ಡಿಸ್ಕ್. ಇದು ಲಿನಕ್ಸ್ ಕರ್ನೆಲಿನ ವೇಷ ತೊಟ್ಟ ಪುಟ್ಟ ಪ್ರೋಗ್ರಾಂ, ಹಾಗಾಗಿ ಐಸೊಲಿನಕ್ಸ್ ತಕರಾರಿಲ್ಲದೆ ಇದನ್ನು ಒಳಬಿಡುತ್ತದೆ. ಜೊತೆಗೆ ಕೊಟ್ಟ ಫ್ಲಾಪಿ ಇಮೇಜನ್ನು ಮೆಮ್‌ಡಿಸ್ಕ್ ಮೆಮೊರಿಯಲ್ಲಿ ಹಾಸಿ, ಬಯೋಸಿನ ಡಿಸ್ಕ್ ಸೇವೆಯಾದ ಇಂಟ್ 13ಎಚ್‌ನ ದಾರಿಯಲ್ಲಿ ತಾನು ಕೂತುಕೊಳ್ಳುತ್ತದೆ. ಆಮೇಲೆ ಯಾರು 'ಎ ಡ್ರೈವ್ ಓದು' ಎಂದರೂ ಮೆಮೊರಿಯಲ್ಲಿರುವ ಇಮೇಜಿನಿಂದ ಎತ್ತಿಕೊಡುತ್ತದೆ. ಡಾಸ್ ತಾನು ನಿಜವಾದ ಫ್ಲಾಪಿಯಿಂದಲೇ ಎದ್ದೆ ಎಂದು ನಂಬುತ್ತದೆ.

ಮೆನು ಫೈಲಿನಲ್ಲಿ ಇದಕ್ಕೆ ಬೇಕಾದದ್ದು ನಾಲ್ಕೇ ಸಾಲು. ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ನೀವು ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು:

ಲೇಬಲ್ ಎಚ್‌ಡಿಟೆಸ್ಟ್
ಮೆನು ಲೇಬಲ್ ಹಾರ್ಡ್ ಡಿಸ್ಕ್ ಪರೀಕ್ಷೆ (ಡಾಸ್)
ಕರ್ನೆಲ್ ಮೆಮ್‌ಡಿಸ್ಕ್
ಅಪೆಂಡ್ ಇನಿಟ್‌ಆರ್‌ಡಿ=ಎಚ್‌ಡಿಟೆಸ್ಟ್.ಐಎಂಜಿ

ಇಮೇಜನ್ನು 'ಕರ್ನೆಲ್' ಸಾಲಿನಲ್ಲಿ ಕೊಡಬಾರದು, 'ಅಪೆಂಡ್' ಸಾಲಿನಲ್ಲಿ ಇನಿಟ್‌ಆರ್‌ಡಿ ಎಂದು ಕೊಡಬೇಕು. ಹತ್ತರಲ್ಲಿ ಐದು ಜನ ಎಡವುವುದು ಇಲ್ಲೇ. ಸಮ ಚಿಹ್ನೆಯ ಎರಡೂ ಕಡೆ ಜಾಗ ಬಿಡಬೇಡಿ. ಎರಡು ಇಮೇಜುಗಳಿಗೆ ಎರಡು ಮೆಮ್‌ಡಿಸ್ಕ್ ಬೇಕಿಲ್ಲ, ಎಷ್ಟು ಇಮೇಜಿದ್ದರೂ ಒಂದೇ ಸಾಕು.

ಇಮೇಜಿನ ಅಳತೆಯನ್ನು ಒಮ್ಮೆ ನೋಡಿ. 1.44 ಎಂಬಿ ಫ್ಲಾಪಿ ಎಂದರೆ ಕರಾರುವಾಕ್ಕಾಗಿ 14,74,560 ಬೈಟ್, 2.88 ಎಂಬಿ ಎಂದರೆ 29,49,120 ಬೈಟ್. ಮೆಮ್‌ಡಿಸ್ಕ್ ಅಳತೆ ನೋಡಿಯೇ ಇದು ಫ್ಲಾಪಿಯೋ ಹಾರ್ಡ್ ಡಿಸ್ಕೋ ಎಂದು ಊಹಿಸುತ್ತದೆ. 4 ಎಂಬಿ ಅಥವಾ ಅದಕ್ಕಿಂತ ದೊಡ್ಡ ಫ್ಲಾಪಿ ಇಮೇಜ್ ಬಂದರೆ ಹಾರ್ಡ್ ಡಿಸ್ಕ್ ಎಂದುಕೊಂಡು ಯಡವಟ್ಟು ಮಾಡುತ್ತದೆ. ಅಂಥ ಇಮೇಜಿಗೆ ಅಪೆಂಡ್ ಸಾಲಿನ ಕೊನೆಯಲ್ಲಿ 'ಫ್ಲಾಪಿ' ಎಂಬ ಪದ ಸೇರಿಸಿ. ಇಮೇಜನ್ನು ಜಿಜಿಪ್ ಮಾಡಿ ಕುಗ್ಗಿಸಿಟ್ಟರೂ ಮೆಮ್‌ಡಿಸ್ಕ್ ತಾನೇ ಬಿಚ್ಚಿಕೊಳ್ಳುತ್ತದೆ. 700 ಎಂಬಿ ಸಿಡಿಯಲ್ಲಿ ಒಂದೂವರೆ ಎಂಬಿ ಉಳಿಸಿ ಏನು ಮಾಡುವುದು ಎನ್ನಬಹುದು, ಆದರೆ ಹಳೆಯ ಸಿಡಿ ಡ್ರೈವುಗಳಲ್ಲಿ ಬೇಗ ಲೋಡ್ ಆಗುತ್ತದೆ.

ಕೈಯಲ್ಲಿ ಬರೀ ಇಎಕ್ಸ್‌ಇ ಇದ್ದು ಇಮೇಜ್ ಸಿಗದಿದ್ದರೆ ನೀವೇ ಮಾಡಿಕೊಳ್ಳಬಹುದು. ಉಚಿತ ಡಾಸ್ ಆದ ಫ್ರೀಡಾಸ್‌ನ ಬೂಟ್ ಆಗುವ ಖಾಲಿ ಫ್ಲಾಪಿ ಇಮೇಜ್ ತೆಗೆದುಕೊಳ್ಳಿ. ಲಿನಕ್ಸಿನಲ್ಲಿ ಲೂಪ್ ಮೌಂಟ್ ಮಾಡಿಯೋ (ಇಮೇಜನ್ನು ಡಿಸ್ಕಿನಂತೆ ತೆರೆದು) ಎಂಟೂಲ್ಸ್ ಬಳಸಿಯೋ ಇಎಕ್ಸ್‌ಇಯನ್ನು ಒಳಗೆ ಹಾಕಿ, ಆಟೊಎಕ್ಸೆಕ್ ಬ್ಯಾಚ್ ಫೈಲಿನ ಕೊನೆಯಲ್ಲಿ ಅದರ ಹೆಸರು ಬರೆಯಿರಿ. ಜಾಗ ಸಾಲದಿದ್ದರೆ 2.88 ಎಂಬಿ ಇಮೇಜ್ ಮಾಡಿ; ನಿಜವಾದ ಫ್ಲಾಪಿ ಡ್ರೈವ್ ಇಲ್ಲದ ಯಂತ್ರದಲ್ಲೂ ಇದು ನಡೆಯುತ್ತದೆ, ಎಲ್ಲವೂ ಮೆಮೊರಿಯಲ್ಲೇ ತಾನೆ. ಈ ಮೆಮೊರಿ ಫ್ಲಾಪಿಯ ಮೇಲೆ ಬರೆಯಲೂಬಹುದು. ವರದಿಯನ್ನು ಎ ಡ್ರೈವಿಗೆ ಬರೆಯಲು ಹೊರಡುವ ಪರೀಕ್ಷಕ ದೂರು ಹೇಳದೆ ಬರೆಯುತ್ತದೆ. ಯಂತ್ರ ಆರಿಸಿದ ಕೂಡಲೇ ಆ ವರದಿಯೂ ಆರಿಹೋಗುತ್ತದೆ ಎಂಬುದು ಮಾತ್ರ ನೆನಪಿರಲಿ. ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಸಾಧನ ಐಎಸ್‌ಒ (ಇಡೀ ಸಿಡಿಯ ನಕಲಿರುವ ಒಂದೇ ಫೈಲ್) ರೂಪದಲ್ಲಿ ಸಿಕ್ಕರೆ ಸ್ವಲ್ಪ ಜಾಗ್ರತೆ ಬೇಕು. ಮೆಮ್‌ಡಿಸ್ಕಿಗೆ 'ಐಎಸ್‌ಒ' ಎಂಬ ಆಯ್ಕೆ ಕೊಟ್ಟರೆ ಇಡೀ ಐಎಸ್‌ಒವನ್ನೇ ಮೆಮೊರಿಗೆ ತಂದು ಸಿಡಿಯಂತೆ ನಟಿಸುತ್ತದೆ ಎಂಬುದು ನಿಜ. ಆ ನಾಟಕ ನಡೆಯುವುದು ಒಳಗಿನ ವ್ಯವಸ್ಥೆ ಬಯೋಸಿನ ಮೂಲಕ ಓದುತ್ತಿರುವಷ್ಟು ಹೊತ್ತು. ಒಳಗಿರುವುದು ಲಿನಕ್ಸ್ ಆಗಿದ್ದರೆ, ಕರ್ನೆಲ್ ಎದ್ದ ಮರುಕ್ಷಣ ಬಯೋಸನ್ನು ಬದಿಗೊತ್ತಿ ತನ್ನದೇ ಡ್ರೈವರುಗಳಿಂದ ಸಿಡಿ ಹುಡುಕುತ್ತದೆ. ಅಲ್ಲಿ ಕಾಣುವುದು ನಿಮ್ಮ ಮೂಲ ಸಿಡಿ, ಮೆಮೊರಿಯಲ್ಲಿ ಹಾಸಿದ್ದಲ್ಲ. ನಡುದಾರಿಯಲ್ಲಿ ಕೈ ಚೆಲ್ಲುತ್ತದೆ. ಡಾಸಿನ ಸಾಮಾನ್ಯ ಸಿಡಿ ಡ್ರೈವರುಗಳೂ ನೇರವಾಗಿ ಹಾರ್ಡ್‌ವೇರನ್ನೇ ಮುಟ್ಟುವುದರಿಂದ ಅಲ್ಲೂ ಇದೇ ಗತಿ.

ನನ್ನ ರೂಢಿ ಹೀಗೆ: ಡಾಸ್ ಆಧಾರದ ಐಎಸ್‌ಒ ಆದರೆ ಅದನ್ನು ಸೆವೆನ್‌ಜಿಪ್‌ನಲ್ಲಿ ತೆರೆಯುತ್ತೇನೆ. ಅದು ಬೂಟ್ ಭಾಗವನ್ನು 'ಬೂಟ್' ಎಂಬ ಪ್ರತ್ಯೇಕ ಫೋಲ್ಡರಾಗಿ ತೋರಿಸುತ್ತದೆ. ಫ್ಲಾಪಿ ಎಮ್ಯುಲೇಷನ್ ಬಳಸಿದ ಸಿಡಿಯಾಗಿದ್ದರೆ ಅಲ್ಲೇ ಫ್ಲಾಪಿ ಇಮೇಜ್ ಕೂತಿರುತ್ತದೆ, ಎಳೆದು ಹೊರಗೆ ಹಾಕಿ ಮೇಲಿನ ನಾಲ್ಕು ಸಾಲು ಬರೆದರಾಯಿತು. ಲಿನಕ್ಸ್ ಆಧಾರದ ಐಎಸ್‌ಒ ಆದರೆ ಮೆಮ್‌ಡಿಸ್ಕಿನ ಗೊಡವೆಗೇ ಹೋಗದೆ ಅದರ ಕರ್ನೆಲ್ ಮತ್ತು ಇನಿಟ್‌ಆರ್‌ಡಿ (ಕರ್ನೆಲ್ ಜೊತೆ ಮೆಮೊರಿಗೆ ಬರುವ ಫೈಲುಗಳ ಕಟ್ಟು) ಫೈಲುಗಳನ್ನು ನನ್ನ ಸಿಡಿಗೆ ತಂದು, ಅದರದ್ದೇ ಮೆನು ಫೈಲಿನಿಂದ ಅಪೆಂಡ್ ಸಾಲನ್ನು ಅಕ್ಷರ ಬಿಡದೆ ನಕಲು ಮಾಡುತ್ತೇನೆ.

ಸಿಡಿಯನ್ನು ಮತ್ತೆ ಕಟ್ಟುವಾಗ ಕೈಕೊಡುವ ಮೂರು ಜಾಗಗಳಿವೆ. ಮೊದಲನೆಯದು ಆಯ್ಕೆಗಳು. ಸಿಡಿ ಕಟ್ಟುವ ಪ್ರೋಗ್ರಾಂಗಳಾದ ಎಂಕೆಐಸೊಎಫ್‌ಎಸ್ ಅಥವಾ ಜೊರಿಸೊಗೆ ನೋ ಎಮ್ಯುಲೇಷನ್, ಬೂಟ್ ಲೋಡ್ ಸೈಜ್ 4, ಬೂಟ್ ಇನ್ಫೋ ಟೇಬಲ್ ಎಂಬ ಮೂರು ಆಯ್ಕೆಗಳನ್ನು ಒಟ್ಟಿಗೆ ಕೊಡಬೇಕು. ಕೊನೆಯದು ಐಸೊಲಿನಕ್ಸಿನ ಬಿನ್ ಫೈಲಿನ ಒಳಗೇ ತಾನು ಸಿಡಿಯಲ್ಲಿ ಎಲ್ಲಿದ್ದೇನೆ ಎಂಬ ವಿಳಾಸವನ್ನು ತಿದ್ದಿ ಬರೆಯುತ್ತದೆ. ಆದ್ದರಿಂದ ಆ ಫೈಲಿನ ಒಂದು ಪ್ರತಿಯನ್ನು ಬೇರೆ ಎತ್ತಿಡಿ, ಅದಕ್ಕೆ ಬರೆಯುವ ಅನುಮತಿಯೂ ಇರಲಿ. ಎರಡನೆಯದು ಆವೃತ್ತಿ. ಹೊಸ ಮೆಮ್‌ಡಿಸ್ಕ್ ತರುವ ಉತ್ಸಾಹದಲ್ಲಿ ಮೆನುವಿನ ಸಿ32 ಫೈಲುಗಳನ್ನೂ (ಐಸೊಲಿನಕ್ಸಿನ ಪೂರಕ ತುಣುಕುಗಳು) ಹೊಸದಾಗಿ ತಂದು, ಐಸೊಲಿನಕ್ಸಿನ ಬಿನ್ ಫೈಲನ್ನು ಮಾತ್ರ ಹಳೆಯದೇ ಬಿಟ್ಟರೆ 'ನಾಟ್ ಎ ಕಾಂ32ಆರ್ ಇಮೇಜ್' ಎಂದು ಮೆನುವೇ ಏಳುವುದಿಲ್ಲ. ಅವೆರಡೂ ಒಂದೇ ಕಟ್ಟಿನಿಂದ ಬಂದಿರಬೇಕು. 5ನೇ ಆವೃತ್ತಿಯಿಂದ ಈಚೆಗೆ ಎಲ್‌ಡಿಲಿನಕ್ಸ್ ಎಂಬ ಸಿ32 ಫೈಲ್ ಕೂಡ ಕಡ್ಡಾಯ.

ಮೂರನೆಯದು ಹೆಸರು. ಐಸೊಲಿನಕ್ಸ್‌ಗೆ ಸಿಡಿಯ ಮೂಲ ಐಎಸ್‌ಒ 9660 ಹೆಸರುಗಳು ಮಾತ್ರ ಓದಲು ಬರುತ್ತವೆ. ಉದ್ದನೆಯ ಹೆಸರುಗಳಿಗಾಗಿ ಬಂದ ಜೋಲಿಯೆಟ್, ರಾಕ್‌ರಿಜ್ ಯಾವುದೂ ಬಾರದು. ವಿಂಡೋಸಿನಲ್ಲಿ ತೆರೆದಾಗ ಕಾಣುವ ಉದ್ದನೆಯ ಹೆಸರು ಐಸೊಲಿನಕ್ಸ್‌ಗೆ ಮೊಟಕಾಗಿ ಬೇರೆಯೇ ಕಾಣುತ್ತಿರಬಹುದು. ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ಬಾಲ ಎಂಬ ಡಾಸ್ ಕಾಲದ ಶಿಸ್ತಿಗೆ ಅಂಟಿಕೊಂಡರೆ 'ಕುಡ್ ನಾಟ್ ಫೈಂಡ್ ಕರ್ನೆಲ್ ಇಮೇಜ್' ಎಂಬ ಸಂದೇಶ ನಿಮ್ಮ ಬಳಿ ಸುಳಿಯುವುದಿಲ್ಲ.

ಪ್ರತಿ ಸಲ ತಿದ್ದಿದಾಗ ಸಿಡಿ ಸುಡಬೇಡಿ. ಯಂತ್ರದೊಳಗೆ ಕಾಲ್ಪನಿಕ ಯಂತ್ರ ಓಡಿಸುವ ಕ್ಯೂಎಂಯು ಅಥವಾ ವರ್ಚುವಲ್‌ಬಾಕ್ಸ್‌ನಲ್ಲಿ ಐಎಸ್‌ಒ ಕೊಟ್ಟು ಎಬ್ಬಿಸಿ ನೋಡಿ. ಮೆನು ಬಂತೇ, ಆರಿಸಿದ್ದು ಶುರುವಾಯಿತೇ ಎಂಬುದಷ್ಟು ಅಲ್ಲೇ ತಿಳಿಯುತ್ತದೆ. ಪರೀಕ್ಷಕಕ್ಕೆ ಅಲ್ಲಿ ಕಾಣುವುದು ಕಾಲ್ಪನಿಕ ಡಿಸ್ಕ್, ಅದರ ಆರೋಗ್ಯದ ಅಂಕಿಗಳಿಗೆ ಅರ್ಥವಿಲ್ಲ.

ಇನ್ನು ಎರಡನೆಯ ತೊಂದರೆ. 'ಡಿಸ್ಕ್ ಇಲ್ಲ.' ನನಗೆ ಬರುವ ಇಂಥ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ಡಾಸಿನಿಂದ ಡಿಸ್ಕನ್ನು ಮುಟ್ಟಲು ಎರಡು ದಾರಿ. ಒಂದು ಬಯೋಸಿನ ಇಂಟ್ 13ಎಚ್. ಇದು ಸೆಕ್ಟರ್ ಓದಿಕೊಡುತ್ತದೆ, ಬರೆದುಕೊಡುತ್ತದೆ. ಡಿಸ್ಕಿನ ಒಳಗಿನ ಸ್ಮಾರ್ಟ್ ದಾಖಲೆಯನ್ನು (ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಇಟ್ಟುಕೊಳ್ಳುವ ಲೆಕ್ಕ) ತೋರಿಸು ಎಂದರೆ ಅದಕ್ಕೆ ಆ ಭಾಷೆ ಬಾರದು. ಹಾಗಾಗಿ ಎಂಎಚ್‌ಡಿಡಿಯಂಥ ಹಳೆಯ ಪರೀಕ್ಷಕಗಳು ಎರಡನೆಯ ದಾರಿ ಹಿಡಿದವು: ಬಯೋಸನ್ನು ದಾಟಿ ಐಡಿಇ (ಡಿಸ್ಕ್ ಜೋಡಿಸುವ ಹಳೆಯ ಪದ್ಧತಿ) ಕಂಟ್ರೋಲರಿನ ಪೋರ್ಟುಗಳಿಗೆ, ಹದಿನಾರರ ಲೆಕ್ಕದಲ್ಲಿ 1ಎಫ್0 ಮತ್ತು 170ರಲ್ಲಿ, ನೇರವಾಗಿ ಆಜ್ಞೆ ಕೊಡುವುದು. ಐಡಿಇ ಕಾಲದಲ್ಲಿ ಈ ವಿಳಾಸಗಳು ಎಲ್ಲ ಯಂತ್ರಗಳಲ್ಲೂ ಒಂದೇ ಆಗಿದ್ದವು, ಆದ್ದರಿಂದ ಇದು ಸಲೀಸಾಗಿ ನಡೆಯಿತು. ಐಡಿಇಯ ಜಾಗಕ್ಕೆ ಬಂದ ಸಾಟಾ ಡಿಸ್ಕುಗಳೊಂದಿಗೆ ಎಎಚ್‌ಸಿಐ ಎಂಬ ಹೊಸ ಕಂಟ್ರೋಲರ್ ಪದ್ಧತಿ ಬಂತು. ಅದರಲ್ಲಿ ಆಜ್ಞೆಗಳು ಹೋಗುವುದು ಆ ಪೋರ್ಟುಗಳಿಂದಲ್ಲ, ಮೆಮೊರಿಯಲ್ಲಿ ಹಾಸಿದ ರಿಜಿಸ್ಟರುಗಳ ಮೂಲಕ. ಹಳೆಯ ಪರೀಕ್ಷಕ ಹಳೆಯ ವಿಳಾಸಕ್ಕೇ ಹೋಗಿ ಕರೆಯುತ್ತದೆ, ಮನೆಯವರು ಬೇರೆ ಬೀದಿಗೆ ಹೋಗಿ ನೆಲೆಸಿದ್ದಾರೆ. ವಿಂಡೋಸಿನ ಬಳಿ ಹೊಸ ವಿಳಾಸವಿದೆ, ಅದಕ್ಕೆ ಅದು ಅದೇ ಡಿಸ್ಕಿನಿಂದ ಸಲೀಸಾಗಿ ಏಳುತ್ತಿದೆ.

ನಿಮ್ಮದು ಇದೇ ಎಂದು ಖಚಿತ ಮಾಡಿಕೊಳ್ಳಲು ಒಂದು ಸುಲಭ ಉಪಾಯ. ಫ್ರೀಡಾಸ್ ಇಮೇಜಿನಲ್ಲಿ ಪಾರ್ಟಿಷನ್ ಸಾಧನವಾದ ಎಫ್‌ಡಿಸ್ಕ್ ಹಾಕಿಕೊಂಡು ಬರೀ ಮಾಹಿತಿ ತೋರಿಸುವ ಆಯ್ಕೆಯಲ್ಲಿ ಓಡಿಸಿ. ಅದು ಬಯೋಸಿನ ಮೂಲಕ ಕೇಳುತ್ತದೆ. ಎಫ್‌ಡಿಸ್ಕಿಗೆ ಡಿಸ್ಕ್ ಕಂಡು ಪರೀಕ್ಷಕಕ್ಕೆ ಕಾಣದಿದ್ದರೆ ಡಿಸ್ಕ್ ಕಾಣದಿರುವುದಕ್ಕೆ ಡಿಸ್ಕಾಗಲಿ ಕೇಬಲಾಗಲಿ ಕಾರಣವಲ್ಲ, ಎಎಚ್‌ಸಿಐಯದ್ದೇ ಕಿತಾಪತಿ. ಎರಡಕ್ಕೂ ಕಾಣದಿದ್ದರೆ ಬಯೋಸ್ ಸೆಟಪ್ಪಿನಲ್ಲಿ ಡಿಸ್ಕಿನ ಹೆಸರು ಬರುತ್ತದೆಯೇ ನೋಡಿ.

ಪರಿಹಾರ? ಸೆಟಪ್ಪಿನಲ್ಲಿ ಸಾಟಾ ಮೋಡ್ ಎಂಬಲ್ಲಿ ಎಎಚ್‌ಸಿಐ ತೆಗೆದು ಐಡಿಇ, ಲೆಗಸಿ ಅಥವಾ ಕಂಪ್ಯಾಟಿಬಲ್ ಎಂದಿರುವುದನ್ನು ಆರಿಸಿ. ರೇಡ್ ಎಂದಿದ್ದರೆ ಅದು ನಿಜಕ್ಕೂ ಎರಡು ಡಿಸ್ಕುಗಳ ಜೋಡಣೆಯೇ ಎಂದು ತಿಳಿಯುವವರೆಗೆ ಮುಟ್ಟಬೇಡಿ. ಪರೀಕ್ಷೆ ಮುಗಿದ ಮೇಲೆ ಹಿಂದಿನ ಸ್ಥಿತಿಗೆ ತರುವುದನ್ನು ಮರೆತರೆ ವಿಂಡೋಸ್ ನೀಲಿ ಪರದೆ ತೋರಿಸಿ 7ಬಿ ಸಂಖ್ಯೆಯ ದೋಷ ಎನ್ನುತ್ತದೆ, ಅಂದರೆ ಬೂಟ್ ಡಿಸ್ಕ್ ಕೈಗೆಟುಕುತ್ತಿಲ್ಲ ಎಂದು. ಡಿಸ್ಕೇ ಸತ್ತಿತೆಂದು ಗಾಬರಿಯಾಗಿ ಹೊಸದು ತಂದವರನ್ನು ಕಂಡಿದ್ದೇನೆ. ಸೆಟಪ್ ಮುಟ್ಟುವ ಮೊದಲು ಆ ಪುಟದ ಒಂದು ಫೋಟೊ ಇರಲಿ.

ಹಲವು ಯಂತ್ರಗಳಲ್ಲಿ ಐಡಿಇ ಎಂಬ ಆಯ್ಕೆಯೇ ಈಗ ಇಲ್ಲ. ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಡಿಸ್ಕಾಗಲಿ ಬೋರ್ಡಿಗೇ ಸಿಕ್ಕಿಸುವ ಎನ್‌ವಿಎಂಇ ಕಡ್ಡಿಯಾಗಲಿ ಆ ಪೋರ್ಟುಗಳಲ್ಲಿ ಎಂದೂ ಕಾಣಿಸಿಕೊಳ್ಳುವುದಿಲ್ಲ. ಹಳೆಯ ಬಯೋಸ್ ರೀತಿಯನ್ನೇ ಕೈಬಿಟ್ಟ ಯುಇಎಫ್‌ಐ ಯಂತ್ರಗಳಲ್ಲಿ ಐಸೊಲಿನಕ್ಸ್ ಮೆನುವೂ ಏಳದು, ಅಲ್ಲಿಗೆ ಗ್ರಬ್‌ನಂಥ ಬೇರೆ ಬೂಟ್ ಪ್ರೋಗ್ರಾಂ ಒಂದನ್ನು ಇನ್ನೊಂದು ಬೂಟ್ ಇಮೇಜಾಗಿ ಸಿಡಿಯಲ್ಲಿ ಇಡಬೇಕಾಗುತ್ತದೆ.

ಆದ್ದರಿಂದ ನೀವು ಕೇಳದ ಸಲಹೆಯೊಂದನ್ನು ಕೊಡುತ್ತೇನೆ. ಡಾಸ್ ಪರೀಕ್ಷಕವನ್ನು ಮೆನುವಿನಲ್ಲಿ ಎರಡನೆಯ ಸಾಲಿಗೆ ಇಳಿಸಿ. ಮೊದಲ ಸಾಲು ನಿಮ್ಮ ಸಿಡಿಯಲ್ಲಿ ಆಗಲೇ ಇರುವ ಲಿನಕ್ಸಿಗೆ ಸಲ್ಲಬೇಕು. ಲಿನಕ್ಸ್ ಕರ್ನೆಲ್‌ಗೆ ಐಡಿಇ, ಎಎಚ್‌ಸಿಐ, ಎನ್‌ವಿಎಂಇ ಎಲ್ಲವೂ ಗೊತ್ತು. ಅದರ ಮೇಲೆ ಸ್ಮಾರ್ಟ್‌ಮಾನ್‌ಟೂಲ್ಸ್ ಕಟ್ಟಿನ ಸ್ಮಾರ್ಟ್‌ಸಿಟಿಎಲ್ ಇದ್ದರೆ ಸೆಟಪ್ ಮುಟ್ಟದೆಯೇ ಡಿಸ್ಕಿನ ಒಳಗಿನ ದಾಖಲೆ ಓದಬಹುದು. ಬಹುತೇಕ ಯುಎಸ್‌ಬಿ ಪೆಟ್ಟಿಗೆಗಳನ್ನೂ 'ಸ್ಯಾಟ್' ಎಂಬ ಬಗೆಯನ್ನು ಸೂಚಿಸಿ ಮಾತಾಡಿಸಬಹುದು.

ನಿಮ್ಮ ಪುಟ್ಟ ಲಿನಕ್ಸಿನಲ್ಲಿ ಅದು ಇಲ್ಲದಿದ್ದರೆ, ಸಿಸ್ಟಮ್‌ರೆಸ್ಕ್ಯೂ ಎಂಬ ದುರಸ್ತಿ ಲಿನಕ್ಸ್ ಬಳಸುವುದು ನೇರ ದಾರಿ. ಅದರಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್, ಡಿಡಿರೆಸ್ಕ್ಯೂ ಎರಡೂ ಇವೆ. ಕೈಕೆಲಸ ಇಷ್ಟಪಡುವವರಿಗೆ ಇನ್ನೊಂದು ದಾರಿ ಇದೆ, ನನಗಂತೂ ಇದೇ ಪ್ರೀತಿ. ಇಡೀ ವ್ಯವಸ್ಥೆ ಇನಿಟ್‌ಆರ್‌ಎಎಂಎಫ್‌ಎಸ್‌ನಲ್ಲೇ, ಅಂದರೆ ಇನಿಟ್‌ಆರ್‌ಡಿಯಿಂದ ಮೆಮೊರಿಗೆ ಬಿಚ್ಚಿದ ಫೈಲುಗಳಲ್ಲೇ, ಓಡುವ ಪುಟ್ಟ ಲಿನಕ್ಸ್ ನಿಮ್ಮದಾದರೆ, ಯಾವ ಲೈಬ್ರರಿಯನ್ನೂ ನೆಚ್ಚದಂತೆ ಸ್ಟ್ಯಾಟಿಕ್ ಆಗಿ ಕಟ್ಟಿದ ಸ್ಮಾರ್ಟ್‌ಸಿಟಿಎಲ್ ಫೈಲನ್ನು ಸರಿಯಾದ ಫೋಲ್ಡರಿನಲ್ಲಿಟ್ಟು, 'ನ್ಯೂಸಿ' ಮಾದರಿಯ ಸಿಪಿಐಒ ಕಟ್ಟಾಗಿ ಮಾಡಿ, ಜಿಜಿಪ್ ಮಾಡಿ. ಇನಿಟ್‌ಆರ್‌ಡಿ ಸಾಲಿನಲ್ಲಿ ಮೊದಲ ಹೆಸರಿನ ಪಕ್ಕ ಕಾಮಾ ಹಾಕಿ ಈ ಎರಡನೆಯ ಫೈಲಿನ ಹೆಸರು ಬರೆಯಿರಿ. ಐಸೊಲಿನಕ್ಸ್ ಎರಡನ್ನೂ ಒಂದರ ಹಿಂದೆ ಒಂದು ಮೆಮೊರಿಗೆ ಹಾಕುತ್ತದೆ, ಕರ್ನೆಲ್ ಎರಡನ್ನೂ ಒಂದರ ಮೇಲೊಂದು ಬಿಚ್ಚುತ್ತದೆ. ಮೂಲ ಇಮೇಜಿನ ಒಂದು ಬೈಟನ್ನೂ ಮುಟ್ಟದೆ ಹೊಸ ಸಾಧನ ಒಳಸೇರಿತು.

ಎದ್ದ ಮೇಲೆ ಏನು ನೋಡಬೇಕು? ಸ್ಮಾರ್ಟ್‌ಸಿಟಿಎಲ್‌ಗೆ 'ಎ' ಆಯ್ಕೆ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಮೇಲ್ಗಡೆ 'ಪಾಸ್ಡ್' ಎಂದಿರುವುದನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಡಿಸ್ಕ್ ತನ್ನ ಬಗ್ಗೆ ತಾನೇ ಕೊಟ್ಟುಕೊಳ್ಳುವ ಆ ಸರ್ಟಿಫಿಕೇಟಿನಲ್ಲಿ ಬಹಳ ಉದಾರತೆ ಇರುತ್ತದೆ. ಕೆಳಗಿನ ಪಟ್ಟಿಯಲ್ಲಿ ಕೊನೆಯ ಕಾಲಮ್ಮಿನ ಕಚ್ಚಾ ಅಂಕಿಗಳನ್ನು ನೋಡಿ. 5ನೆಯದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳ ಲೆಕ್ಕ. 197 ಓದಲಾಗದೆ ತೀರ್ಮಾನಕ್ಕೆ ಕಾದು ಕೂತ ಸೆಕ್ಟರುಗಳು, 198 ತನ್ನಷ್ಟಕ್ಕೆ ತಾನು ತಪಾಸಣೆ ಮಾಡಿಕೊಂಡಾಗ ಸರಿಪಡಿಸಲಾಗದೆ ಹೋದವು. 5ರಲ್ಲಿ ಪುಟ್ಟ ಸಂಖ್ಯೆಯಿದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿನ್ನೆಗಿಂತ ಇವತ್ತು ಹೆಚ್ಚಾಗಿದ್ದರೆ ಆ ಡಿಸ್ಕಿನಲ್ಲಿ ಏನನ್ನೂ ಇಡುವುದಿಲ್ಲ.

199 ಇವೆಲ್ಲಕ್ಕಿಂತ ಬೇರೆ ಜಾತಿ. ಅದು ಡಿಸ್ಕಿಗೂ ಬೋರ್ಡಿಗೂ ನಡುವೆ ಸಾಗುವಾಗ ಕೆಟ್ಟ ದತ್ತಾಂಶದ ಲೆಕ್ಕ, ಬಹಳ ಸಲ ದೋಷ ಕೇಬಲಿನದ್ದು. ಒಳ್ಳೆಯ ಡಿಸ್ಕನ್ನು ಎಸೆಯುವ ಮೊದಲು ಕೇಬಲ್ ಬದಲಿಸಿ ನೋಡಿ. ಆ ಸಂಖ್ಯೆ ಇಳಿಯುವುದಿಲ್ಲ, ಏರುವುದು ನಿಲ್ಲಬೇಕು. ನಿಮ್ಮ ಡಿಸ್ಕಿನ ಟಕ್ ಟಕ್ ಸದ್ದು ಮಾತ್ರ ಕೇಬಲಿನದ್ದಾಗಿರುವ ಸಾಧ್ಯತೆ ಕಡಿಮೆ.

ಆಮೇಲೆ ಚಿಕ್ಕ ಸ್ವಪರೀಕ್ಷೆ, ಸುಮಾರು 2 ನಿಮಿಷದ ಕೆಲಸ. ಅದರಲ್ಲಿ ಗೆದ್ದರೆ, ಮತ್ತು ಫೈಲುಗಳು ಸುರಕ್ಷಿತವಾಗಿದ್ದರೆ, ದೊಡ್ಡ ಪರೀಕ್ಷೆ. 1 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಿಸಿಕೊಂಡರೂ ಎರಡು ಗಂಟೆಯ ಹತ್ತಿರ ಬೇಕು. ಒಳಸುತ್ತುಗಳಿಗೆ ಹೋದಂತೆ ವೇಗ ಇಳಿಯುವುದರಿಂದ ನಿಜಕ್ಕೂ ಇನ್ನಷ್ಟು ಹೊತ್ತು. ಈ ಪರೀಕ್ಷೆಗಳು ಡಿಸ್ಕಿನ ಒಳಗೇ ನಡೆಯುತ್ತವೆ, ನಿಮ್ಮ ಫೈಲುಗಳನ್ನು ಅಳಿಸುವುದಿಲ್ಲ. ಆಜ್ಞೆ ಕೊಟ್ಟ ಕೂಡಲೇ ಪ್ರಾಂಪ್ಟ್ ಮರಳಿ ಬರುವುದನ್ನು ನೋಡಿ ಮುಗಿಯಿತೆಂದು ಯಂತ್ರ ಆರಿಸಿದವರಿದ್ದಾರೆ. ಸೆಲ್ಫ್‌ಟೆಸ್ಟ್ ದಾಖಲೆ ಕೇಳಿ ಫಲಿತಾಂಶ ನೋಡಬೇಕು.

ಡಾಸ್ ಪರೀಕ್ಷಕದ ಗುಣವೂ ಇಲ್ಲದಿಲ್ಲ. ಎಂಎಚ್‌ಡಿಡಿಯಲ್ಲಿ ಎಫ್4 ಒತ್ತಿ ಸ್ಕ್ಯಾನ್ ಮಾಡಿದಾಗ ಪ್ರತಿ ತುಣುಕು ಓದಲು ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂದು 3, 10, 50, 150, 500 ಎಂಬ ಮೆಟ್ಟಿಲುಗಳಲ್ಲಿ ಬಣ್ಣಬಣ್ಣದ ಚೌಕಗಳಾಗಿ ತೋರಿಸುತ್ತದೆ. ಇನ್ನೂ ಕೆಟ್ಟಿಲ್ಲದ, ಆದರೆ ಏಗುತ್ತಿರುವ ಜಾಗವನ್ನು ಸ್ಮಾರ್ಟ್ ಅಂಕಿಗಳಿಗಿಂತ ಮೊದಲೇ ಅಲ್ಲಿ ಕಣ್ಣಾರೆ ಕಾಣಬಹುದು. ಆ ಪಟ್ಟಿಯಲ್ಲೇ 'ರೀಮ್ಯಾಪ್', 'ಇರೇಸ್ ಡಿಲೇಸ್' ಎಂಬ ಆಯ್ಕೆಗಳೂ ಇವೆ, ಅವು ಡಿಸ್ಕಿನ ಮೇಲೆ ಬರೆಯುತ್ತವೆ, ಆಫ್ ಆಗಿರಲಿ. ಲಿನಕ್ಸಿನ ಬ್ಯಾಡ್‌ಬ್ಲಾಕ್ಸ್‌ನಲ್ಲಿ 'ಡಬ್ಲ್ಯು' ಆಯ್ಕೆಯೂ ಅಷ್ಟೇ ಅಪಾಯ: ಡಿಸ್ಕಿನ ತುಂಬ ಬರೆದುಬಿಡುತ್ತದೆ. ಆಯ್ಕೆ ಕೊಡದಿದ್ದರೆ ಬರೀ ಓದುತ್ತದೆ.

ಕೊನೆಯದಾಗಿ ಮೆನುವಿನ ಒಂದು ಸಾಲು. ಬಹಳಷ್ಟು ಬೂಟ್ ಸಿಡಿಗಳಲ್ಲಿ ಹತ್ತು ಸೆಕೆಂಡು ಯಾರೂ ಏನೂ ಒತ್ತದಿದ್ದರೆ ಹಾರ್ಡ್ ಡಿಸ್ಕಿನಿಂದ ಏಳುವ ಏರ್ಪಾಡು ಇರುತ್ತದೆ. ಟೈಮ್‌ಔಟ್ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, ಹಾಗಾಗಿ 100 ಎಂದರೆ ಹತ್ತು ಸೆಕೆಂಡು. ಮಾಮೂಲಿ ದಿನಗಳಲ್ಲಿ ಅನುಕೂಲವೇ. ಕೆಟ್ಟ ಡಿಸ್ಕಿನ ಮುಂದೆ ನೀವು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ವಿಂಡೋಸ್ ಎದ್ದು, ಚೆಕ್‌ಡಿಸ್ಕ್ ಶುರು ಮಾಡಿ, ಏದುಸಿರಿನ ಡಿಸ್ಕಿನ ಮೇಲೆ ತಿದ್ದಿ ಬರೆಯತೊಡಗಿರುತ್ತದೆ. ಪರೀಕ್ಷಕ ಇರುವ ಸಿಡಿಯಲ್ಲಿ ನಾನು ಟೈಮ್‌ಔಟ್ 0 ಎಂದು ಬರೆಯುತ್ತೇನೆ. ಯಾರಾದರೂ ಒತ್ತುವವರೆಗೆ ಮೆನು ಸುಮ್ಮನೆ ಕಾಯುತ್ತದೆ.